ಹದಿನೇಳನೇ ನಂಬರಿನ ಹೊಲಿಗೆ

ನವೆಂಬರ್ 9

ಅಕ್ಕಾ,

ಈ ವರ್ಷವೂ ಆಗುವುದಿಲ್ಲ ಎಂದು ನೀನು ಬರೆಯುವ ಮೊದಲೇ ನಾನು ಬರೆದುಬಿಡುತ್ತೇನೆ. ಬಾ. ಆರು ವರ್ಷದಿಂದ ಕರೆದು ಕರೆದು ಬಾಯಿಯೂ ಸವೆಯಿತು, ಪೆನ್ನೂ ಸವೆಯಿತು.

ಜನವರಿ ಕೊನೆಯಿಂದ ಮೂರು ವಾರ ಇಲ್ಲಿ ಸಮುದ್ರ ತಟ್ಟೆಯಲ್ಲಿಟ್ಟ ನೀರಿನ ಹಾಗೆ ಅಲುಗದೆ ಇರುತ್ತದೆ. ದ್ವೀಪದ ಹಿಂದಿನ ಆಳಕ್ಕೆ ಕೊಕ್ಕಿನ ತಿಮಿಂಗಿಲಗಳು ಬರುವುದು ಆಗಲೇ. ಇವು ಕಾರಂಜಿ ಹಾರಿಸಿ ಮೆರೆಯುವ ಜಾತಿಯಲ್ಲ. ಮುಳುಗಿದರೆ ಒಂದು ಗಂಟೆ ಪತ್ತೆ ಇಲ್ಲ. ಮೇಲೆ ಬಂದರೂ ನೆಂಟರ ಮನೆಗೆ ಬಂದ ನಾಚಿಕೆಯವರ ಹಾಗೆ ನಾಲ್ಕು ನಿಮಿಷ ನಿಂತು ಹೋಗಿಬಿಡುತ್ತವೆ. ಪ್ರವಾಸಿಗರ ಬೋಟಿನ ಮೇಲ್ಗಡೆ ಕೂತು ನೀರು ನೋಡುವುದೇ ನನ್ನ ಉದ್ಯೋಗ, ಹಾಗಿದ್ದೂ ಹೋದ ವರ್ಷ ನನಗೆ ಕಂಡದ್ದು ಮೂರೇ ಸಲ. ಹತ್ತೊಂಬತ್ತು ವರ್ಷ ಲೈಫ್ ಜಾಕೆಟ್ ಹೊಲಿದವಳು ಸಮುದ್ರವನ್ನೇ ನೋಡಿಲ್ಲ ಎಂದರೆ ಇಲ್ಲಿ ಯಾರೂ ನಂಬುವುದಿಲ್ಲ.

ಅಂದ ಹಾಗೆ, ಸೆಪ್ಟೆಂಬರಿನಲ್ಲಿ ಯಜಮಾನರು ಬೋಟಿಗೆ ಹೊಸ ಜಾಕೆಟ್ ತರಿಸಿದರು. ಒಂದು ಮೂಟೆ, ಇಪ್ಪತ್ತನಾಲ್ಕು. ಕಿತ್ತಳೆ ಬಣ್ಣ, ಬೂದು ಪಟ್ಟಿ. ಒಳಗಿನ ಬಿಳಿ ಚೀಟಿಯಲ್ಲಿ ನಿಮ್ಮ ಕಾರ್ಖಾನೆಯ ಗುರುತು ಕಂಡು ನನಗೆ ನಿನ್ನನ್ನೇ ಕಂಡಷ್ಟು ಖುಷಿಯಾಯಿತು.

ನಿನ್ನ ದುಂಡ


ನವೆಂಬರ್ 17

ದುಂಡಾ,

ಇಲ್ಲಿ ಎಲ್ಲರೂ ಉಸಿರಾಡುತ್ತಿದ್ದೇವೆ. ನಿನ್ನ ಭಾವನಿಗೆ ಬೆನ್ನುನೋವು, ಮಗಳಿಗೆ ಕೆಲಸ ಜಾಸ್ತಿ, ನನಗೆ ನಾನೇ ಜಾಸ್ತಿ. ನನ್ನ ಕಾಗದದಲ್ಲಿ ಚುಕ್ಕಿ ಎಲ್ಲಿಡಬೇಕೋ ಅಲ್ಲಿರುವುದಿಲ್ಲ, ನಿನಗೆ ಉಸಿರು ಬೇಕಾದ ಕಡೆ ನೀನೇ ನಿಂತುಕೋ.

ಬರುವುದು ಎಂದರೆ ಸುಮ್ಮನೆಯೇ. ಬೋಟ್ ಎಷ್ಟು ಎತ್ತರ, ಹತ್ತುವಾಗ ಹಿಡಿದುಕೊಳ್ಳಲು ಏನಿದೆ, ನಡುನೀರಿನಲ್ಲಿ ಬಚ್ಚಲಿಗೆ ಹೋಗಬೇಕಾದರೆ ಹೆಂಗಸರು ಏನು ಮಾಡುತ್ತಾರೆ, ಆ ಪ್ರಾಣಿಗೆ ಸಿಟ್ಟು ಬಂದು ಅಡಿಯಿಂದ ಎತ್ತಿದರೆ ಗತಿ ಏನು, ವಾಂತಿಯಾದರೆ ಯಾರ ಮೇಲಾಗುತ್ತದೆ, ನಾನಿಲ್ಲದಾಗ ಇಲ್ಲಿ ಗ್ಯಾಸ್ ಆರಿಸಿದ್ದು ಯಾರು ನೋಡುತ್ತಾರೆ. ಭಾವ ನೋಡುತ್ತೇನೆ ಎನ್ನುತ್ತಾರೆ. ಅವರು ನೋಡುವುದು ನನಗೆ ಗೊತ್ತಿಲ್ಲವೇ, ಕಣ್ಣು ಅಲ್ಲಿ, ಗಮನ ಪೇಪರಿನಲ್ಲಿ.

ಆ ಜಾಕೆಟ್ಟಿನ ಚೀಟಿ ತಿರುಗಿಸಿ ನೋಡು, ಹಿಂದೆ ಹೊಲಿದವರ ನಂಬರೂ ತಾರೀಖೂ ಇರುತ್ತದೆ. ನನ್ನದು ಹದಿನೇಳು. ಸುಮ್ಮನೆ ಕೇಳಿದೆ. ಆದರೆ ನೋಡಿ ಬರಿ.

ಅಕ್ಕ


ನವೆಂಬರ್ 28

ಅಕ್ಕಾ,

ಒಂದೊಂದಾಗಿ ಕೇಳು. ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಇದೆ, ಅದೂ ಸಾಲದಿದ್ದರೆ ತಮ್ಮ ಇದ್ದಾನೆ. ಬಚ್ಚಲು ಇದೆ, ಬಾಗಿಲಿಗೆ ಒಳಗಿನಿಂದ ಚಿಲಕವಿದೆ, ಮೂರು ಸಲ ನೋಡಬಹುದು. ತಿಮಿಂಗಿಲಕ್ಕೆ ನಮ್ಮ ಮೇಲೆ ಸಿಟ್ಟಿಲ್ಲ, ನಾವಿರುವುದೇ ಅದಕ್ಕೆ ಲೆಕ್ಕವಿಲ್ಲ. ವಾಂತಿ ಗಾಳಿ ಬೀಸುವ ಕಡೆಗೆ.

ಚೀಟಿ ನೋಡಲು ಆಗಿಲ್ಲ. ದಿನವೂ ಜನ, ದಿನವೂ ಒದ್ದೆ. ತನ್ನ ಕೈಕೆಲಸ ಎಲ್ಲಿಗೆ ಹೋಯಿತು ಎಂದು ತಿಳಿಯುವ ಆಸೆ ಯಾರಿಗಿಲ್ಲ ಹೇಳು, ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ ಏಕೆ? ನೀನೇ ಬಂದು ನೋಡಿಕೋ.

ದುಂಡ


ಡಿಸೆಂಬರ್ 6

ದುಂಡಾ,

ಬರುತ್ತೇನೆ. ಜನವರಿ ಕೊನೆಗೆ. ಭಾವನಿಗೆ ಹೇಳಿದ್ದೇನೆ, ರಜೆ ಕೇಳುತ್ತೇನೆ.

ಅಲ್ಲಿಯವರೆಗೆ ಒಂದು ಮಾತು ನಡೆಸಿಕೊಡು. ಮಕ್ಕಳಿಗೆ, ವಯಸ್ಸಾದವರಿಗೆ ಹಳೆಯ ಜಾಕೆಟ್ಟನ್ನೇ ಹಾಕು. ಹೊಸದರ ಅಂಚು ಗಟ್ಟಿ ಇರುತ್ತದೆ, ಕುತ್ತಿಗೆ ಉಜ್ಜುತ್ತದೆ. ಮರೆಯಬೇಡ. ಚೀಟಿಯನ್ನೂ ನೋಡು, ಈ ಸಲ ನೋಡದೆ ಬರೆಯಬೇಡ.

ಅಕ್ಕ


ಡಿಸೆಂಬರ್ 15

ಅಕ್ಕಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ, ಆಮೇಲೆ ಅಡುಗೆಯವನ ಕೈಗೆ ಕೊಟ್ಟು ಜೋರಾಗಿ ಓದಿಸಿದೆ. ಬರುತ್ತೇನೆ ಎಂದೇ ಇದೆ.

ಇನ್ನು ನೀನು ಏನನ್ನೂ ಯೋಚಿಸಬೇಡ. ರೈಲಿನಿಂದ ಇಳಿದ ಕೂಡಲೇ ಬಂದರಿನ ಬಸ್ಸು ಇರುತ್ತದೆ. ಟಪಾಲು ಹಡಗು ಗುರುವಾರ ಬೆಳಿಗ್ಗೆ ಏಳಕ್ಕೆ. ಒಳಗಡೆ ನಡುವಿನ ಬೆಂಚಿನಲ್ಲಿ ಕೂರು, ಅಲ್ಲಿ ತೂಗಾಟ ಕಡಿಮೆ. ತೆಳು ಬಟ್ಟೆ, ತೋಳು ಮುಚ್ಚುವಂಥದ್ದು. ನನ್ನ ಕೋಣೆಯ ಕಿಟಕಿಗೆ ಪರದೆ ಹಾಕಿಸಿದ್ದೇನೆ, ಬಾಗಿಲಿನ ಚಿಲಕ ಬದಲಾಯಿಸಿದ್ದೇನೆ. ಬೋಟಿನಲ್ಲಿ ನಿನಗೆ ಏಳು ದಿನ ಜಾಗ ಹಿಡಿದಿದ್ದೇನೆ. ಒಂದು ದಿನ ಕಾಣದಿದ್ದರೆ ಇನ್ನೊಂದು ದಿನ.

ಚೀಟಿ ನೋಡಿದೆ. ಹದಿನೇಳು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಹದಿನೇಳು, ಆಗಸ್ಟ್ 21. ಯಜಮಾನರಿಗೂ ತೋರಿಸಿ ನಮ್ಮ ಅಕ್ಕನ ಕೈ ಎಂದೆ. ನೀನು ಹೇಳಿದ ಹಾಗೆ ಮಕ್ಕಳಿಗೆ ಹಳೆಯದನ್ನೇ ಹಾಕುತ್ತಿದ್ದೇನೆ. ಇಲ್ಲಿ ಬೇರೆ ವಿಶೇಷವಿಲ್ಲ. ಎಲ್ಲವೂ ಸರಿಯಾಗಿದೆ.

ದುಂಡ


ಡಿಸೆಂಬರ್ 23

ದುಂಡಾ,

ಈ ಕಾಗದವನ್ನು ನೀನೊಬ್ಬನೇ ಓದು, ಅಡುಗೆಯವನ ಕೈಗೆ ಕೊಡಬೇಡ.

ದಿನವೂ ಕೆಲಸ ಶುರು ಮಾಡುವಾಗ, ದಾರದ ಹೊಸ ಉಂಡೆ ಹಾಕುವಾಗ, ನಾವು ದಾರದ ತುದಿಗೆ ಬೆಂಕಿಕಡ್ಡಿ ತಾಗಿಸುತ್ತೇವೆ. ನೈಲಾನ್ ಆದರೆ ಕರಗಿ ಮಣಿಯಾಗುತ್ತದೆ. ಹತ್ತಿ ಆದರೆ ಉರಿದು ಬೂದಿ. ಚೀಲ ಹೊಲಿಯುವವರಿಗೆ ಹತ್ತಿ ದಾರ, ನಮಗೆ ನೈಲಾನ್, ಎರಡೂ ಕಿತ್ತಳೆ ಬಣ್ಣ, ಎರಡೂ ಒಂದೇ ಕಪಾಟಿನಲ್ಲಿ. ಉಪ್ಪುನೀರು, ಬಿಸಿಲು ಬಿದ್ದರೆ ಹತ್ತಿ ದಾರ ಕೆಲವೇ ತಿಂಗಳಲ್ಲಿ ಕೊಳೆಯುತ್ತದೆ, ಅದು ಯಾರೂ ಹೇಳಿಕೊಡಬೇಕಾಗಿಲ್ಲ. ಬೇರೆಯವರು ಒಂದು ಸಲ ಸುಟ್ಟು ನೋಡಿದರೆ ನಾನು ಮೂರು ಸಲ. ಪಕ್ಕದ ಮೆಷಿನ್ನಿನ ಕನ್ನಡಕದವಳು ನನಗೆ ಬೆಂಕಿಪೊಟ್ಟಣ ಎಂದೇ ಹೆಸರಿಟ್ಟಿದ್ದಾಳೆ.

ಆಗಸ್ಟ್ 21ರ ಬೆಳಿಗ್ಗೆ ಬೀಗ ನೋಡಲು ಎರಡು ಸಲ ಮೆಟ್ಟಿಲು ಹತ್ತಿ ಇಳಿದೆ. ಮಗಳಿಗೆ ಬಸ್ಸು ತಪ್ಪಿತು. ಅವಳು ಕೂಗಾಡಲಿಲ್ಲ, ಅದೇ ಕಷ್ಟ. “ಅಮ್ಮಾ, ಒಂದಿನ, ಒಂದೇ ಒಂದಿನ ಏನೂ ತಿರುಗಿ ನೋಡ್ದೆ ಇದ್ದು ನೋಡು. ಆಕಾಶ ಬೀಳುತ್ತಾ?” ಅಂದಳು. ನನಗೆ ಚುಚ್ಚಿತು. ಇವತ್ತು ಮೂರು ಸಲ ಅಲ್ಲ, ಒಂದು ಸಲವೂ ನೋಡುವುದಿಲ್ಲ ಎಂದು ಹಟ ಹಿಡಿದೆ. ಮಧ್ಯಾಹ್ನ ಊಟವಾದ ಮೇಲೆ ಹೊಸ ಉಂಡೆ ಹಾಕಿದೆ. ಕಡ್ಡಿ ಗೀರಲಿಲ್ಲ. ಆ ಮಧ್ಯಾಹ್ನದ ಹಾಗೆ ನಾನು ಎಂದೂ ಹೊಲಿದಿಲ್ಲ ದುಂಡಾ, ಕೈ ಹಗುರ, ತಲೆ ಹಗುರ, ಎಲ್ಲರೂ ದಿನವೂ ಹೀಗೇ ಇರುತ್ತಾರಾ ಅನ್ನಿಸಿತು. ಇಪ್ಪತ್ತೆರಡು ಜಾಕೆಟ್ಟಿಗೆ ಬೆನ್ನಿನ ಪಟ್ಟಿ ಕೂರಿಸಿದೆ, ಜಾಕೆಟ್ಟನ್ನು ಮೈಗೆ ಬಿಗಿಯುವುದೂ ನೀರಿಗೆ ಬಿದ್ದವರನ್ನು ಹಿಡಿದೆತ್ತುವುದೂ ಅದೇ.

ಮಾರನೆಯ ದಿನ ಅದೇ ಉಂಡೆಯ ತುದಿ ಸುಟ್ಟೆ. ಬೂದಿಯಾಯಿತು. ಮೂಟೆ ಆಗಲೇ ಲಾರಿ ಹತ್ತಿತ್ತು.

ಎಲ್ಲಿಗೆ ಹೋಯಿತು ಎಂದು ಕೇಳಲಿಲ್ಲ. ಕೇಳಿದರೆ ಏಕೆ ಎನ್ನುತ್ತಾರೆ. ಯಾರಾದರೂ ನೀರಿನ ಮಾತೆತ್ತಿದರೆ ಕುಂಬಳಕಾಯಿ ಕಳ್ಳನ ಹಾಗೆ ನಾನೇ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ನಿನ್ನ ಕಾಗದ ಬಂತು. ತಿಮಿಂಗಿಲದ ನೆಪದಲ್ಲಿ ಬಂದು, ಯಾರಿಗೂ ತಿಳಿಯದ ಹಾಗೆ ಹೊಲಿಗೆ ಬಿಚ್ಚಿ ಹಾಕಿ ಬರೋಣ ಎಂದುಕೊಂಡೆ. ಅದಕ್ಕೇ ಬರುತ್ತೇನೆ ಎಂದದ್ದು. ಈಗ ಎಲ್ಲವೂ ಸರಿಯಾಗಿದೆ ಎಂದು ನೀನು ಬರೆದ ಸಾಲು ಓದಿದಾಗಿನಿಂದ ಲೆಕ್ಕ ಹಾಕುತ್ತಿದ್ದೇನೆ, ಜನವರಿ ಕೊನೆಯವರೆಗೆ ಎಷ್ಟು ಜನ ಹಾಕಿಕೊಳ್ಳುತ್ತಾರೆ. ಫೋನ್ ಮಾಡೋಣವೆಂದರೆ ಅಲ್ಲಿರುವ ಒಂದೇ ಫೋನು ನಿಮ್ಮ ಯಜಮಾನರ ಮೇಜಿನ ಮೇಲೆ, ಎರಡು ಸಲ ನಂಬರ್ ಒತ್ತಿ ಇಟ್ಟುಬಿಟ್ಟೆ. ನನ್ನ ಹೇಡಿತನಕ್ಕೆ ಏನೆನ್ನಬೇಕೋ ನೀನೇ ಅಂದುಕೋ. ಈ ಕಾಗದ ತಲುಪಿದ ಗಳಿಗೆಯಿಂದ ಅವನ್ನು ಯಾರಿಗೂ ಹಾಕಬೇಡ.

ಅಕ್ಕ


ಜನವರಿ 2

ಅಕ್ಕಾ,

ನಿನ್ನ ಕಾಗದ ಬಂದ ದಿನವೇ ಪ್ರತಿಯೊಂದು ಜಾಕೆಟ್ಟಿನಿಂದ ದಾರದ ತುದಿ ಕಿತ್ತು ಸುಟ್ಟೆ. ಇಪ್ಪತ್ತೆರಡು ಬೂದಿ, ಎರಡು ಮಣಿ. ಪಟ್ಟಿ ಹಿಡಿದು ಎಳೆದೆ. ಆರು ಕೈಗೇ ಬಂದವು.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ಡಿಸೆಂಬರ್ 12ರಂದು ಒಬ್ಬ ಹೆಂಗಸು ಬೋಟಿನಿಂದ ಇಳಿಯುವಾಗ ಕಾಲು ಜಾರಿದರು. ಬೆನ್ನಿನ ಪಟ್ಟಿ ಹಿಡಿದು ಎತ್ತಲು ಹೋದೆ. ಪಟ್ಟಿ ನನ್ನ ಕೈಯಲ್ಲಿ ಉಳಿಯಿತು, ಅವರು ನೀರಿನಲ್ಲಿ ಕೂತರು. ಮೊಣಕಾಲುದ್ದ ನೀರು, ನಕ್ಕುಬಿಟ್ಟರು. ನಾನೂ ನಕ್ಕೆ. ಅದೇ ಸಂಜೆ ಹಳೆಯ ದಾರದ ಚೂರನ್ನೂ ಕೀಳದೆ, ಅದರ ಮೇಲೆಯೇ ಮೀನಿನ ಗಾಳದ ದಾರದಲ್ಲಿ ಹೊಲಿದು ಮತ್ತೆ ನೇತುಹಾಕಿದೆ. ಮೂರು ದಿನ ಬಿಟ್ಟು ಎಲ್ಲವೂ ಸರಿಯಾಗಿದೆ ಎಂದು ನಿನಗೆ ಬರೆದೆ. ನಿಜ ಬರೆದಿದ್ದರೆ ನೀನು ಹೆದರಿ ಬರುವುದಿಲ್ಲ ಎಂದು. ಅದು ಆಳದ ನೀರಾಗಿದ್ದರೆ? ಇಷ್ಟು ವರ್ಷ ನಿನ್ನ ಗಾಬರಿ ನೋಡಿ ನಕ್ಕವನು ನಾನು. ಈಗ ಅದು ನನಗೂ ಹತ್ತಿದೆ.

ಜಾಕೆಟ್ಟುಗಳನ್ನು ಬೇರೆ ಇಟ್ಟಿದ್ದೇನೆ. ಒಣಗಿಲ್ಲ ಎಂದು ಸುಳ್ಳು ಹೇಳಿ, ಹಳೆಯ ಹದಿಮೂರರಲ್ಲಿ ಅರ್ಧ ಜನರನ್ನಷ್ಟೇ ಕರೆದೊಯ್ಯುತ್ತಿದ್ದೇವೆ. ಇದು ಎಷ್ಟು ದಿನ ನಡೆಯುತ್ತದೆ? ಯಜಮಾನರಿಗೆ ತೋರಿಸಲೇಬೇಕು. ತೋರಿಸಿದರೆ ಚೀಟಿ ನೋಡುತ್ತಾರೆ, ಹದಿನೇಳು ಎಂದರೆ ಯಾರು ಎಂದು ನಾನೇ ಜಂಬದಿಂದ ಹೇಳಿದ್ದೇನೆ. ಕತ್ತರಿ ಇಲ್ಲೇ ಇದೆ. ಚೀಟಿ ಕತ್ತರಿಸಿ, ಇವು ಬೇರೆ ಮೂಟೆಯವು ಎಂದರೆ ನಂಬಬಹುದು. ಏನು ಮಾಡಲಿ, ನೀನೇ ಹೇಳು.

ಇನ್ನೊಂದು ಮಾತು ಬರೆಯಬಾರದು ಎಂದುಕೊಂಡಿದ್ದೆ, ತಡೆಯಲಾಗುತ್ತಿಲ್ಲ. ಆರು ವರ್ಷ ತಮ್ಮ ಕರೆದ, ನೀನು ಬರಲಿಲ್ಲ. ದಾರ ಕರೆಯಿತು, ಹೊರಟೆ. ನಾನು ಪರದೆ ಹಾಕಿಸಿದೆ.

ದುಂಡ


ಜನವರಿ 10

ದುಂಡಾ,

ಕತ್ತರಿ ಕೆಳಗಿಡು. ಚೀಟಿ ಹಾಗೇ ಇರಲಿ.

ನಿನ್ನ ಕಾಗದ ಬಂದ ದಿನ ಸೂಪರ್‌ವೈಸರಮ್ಮನ ಕೋಣೆಗೆ ಹೋದೆ. ಬಾಗಿಲವರೆಗೆ ಹೋಗಿ ನಲ್ಲಿ ನಿಲ್ಲಿಸಿದ್ದೇನಾ ಎಂದು ತಿರುಗಿ ಬಂದೆ, ನಾನು ನಲ್ಲಿಯ ಹತ್ತಿರವೇ ಹೋಗಿರಲಿಲ್ಲ. ಮೂರನೇ ಸಲ ಒಳಗೆ ಹೋದೆ. ಹೇಳಿದೆ. ಅವರು ಪೆನ್ನು ಮುಚ್ಚಿಟ್ಟರು. “ಬಾಗಿಲು ಹಾಕಿದೀನಾ ಅಂತ ಮೂರ್ಸಲ ಎದ್ದು ನೋಡೋರು ನೀವು. ಇದನ್ನ ಐದು ತಿಂಗಳು ಹೇಗಮ್ಮ ಹೊಟ್ಟೇಲಿ ಇಟ್ಕೊಂಡಿದ್ರಿ?” ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎರಡು ದಿನ ಮೆಷಿನ್ ನಿಲ್ಲಿಸಿ ಎಲ್ಲರ ದಾರವನ್ನೂ ಸುಟ್ಟು ನೋಡಿದರು. ಉಳಿದದ್ದೆಲ್ಲ ಮಣಿಯೇ ಆಯಿತು, ನಿನ್ನಲ್ಲಿರುವ ಇಪ್ಪತ್ತೆರಡೇ ಕೆಟ್ಟದ್ದು. ಕನ್ನಡಕದವಳು ಊಟದ ಡಬ್ಬಿ ಎತ್ತಿಕೊಂಡು ಬೇರೆ ಬೆಂಚಿಗೆ ಹೋದಳು. ಹತ್ತೊಂಬತ್ತು ವರ್ಷ ಪಕ್ಕಪಕ್ಕ ಕೂತವಳು. ಅವಳದೂ ತಪ್ಪಲ್ಲ, ಅವಳ ದಾರವನ್ನೂ ಅನುಮಾನಿಸಿದರಲ್ಲ. ನನ್ನನ್ನು ಹೊಲಿಗೆಯಿಂದ ತೆಗೆದು ಪೆಟ್ಟಿಗೆಗೆ ಟೇಪ್ ಹಚ್ಚುವ ಕಡೆ ಹಾಕಿದ್ದಾರೆ. ಕೆಲಸ ಉಳಿಯಿತು, ಅದನ್ನು ನಾನು ಕೇಳಿಯೂ ಇರಲಿಲ್ಲ.

ಬದಲಿ ಜಾಕೆಟ್ ಬರಲು ಮಾರ್ಚ್ ಆಗುತ್ತದಂತೆ. ಅಷ್ಟರಲ್ಲಿ ನಿಮ್ಮ ತಿಮಿಂಗಿಲದ ಕಾಲ ಮುಗಿದಿರುತ್ತದೆ. ನಾನೇ ಹೋಗಿ ಕೈಯಲ್ಲಿ ಹೊಲಿದು ಬರುತ್ತೇನೆ ಎಂದೆ. ನಂಬಲಿಲ್ಲ. ಅವರ ಮುಂದೆಯೇ ಒಂದು ಪಟ್ಟಿ ಕೂರಿಸಿದೆ, ಚೌಕ ಹೊಲಿದು ಒಳಗೆ ಅಡ್ಡಗೆರೆ ಎರಡು. ಅದಕ್ಕೆ ಕಬ್ಬಿಣದ ಗಟ್ಟಿಗಳನ್ನು ಇಡೀ ದಿನ ತೂಗುಹಾಕಿದರು. ಅಲುಗಲಿಲ್ಲ. ನೈಲಾನ್ ದಾರದ ಎರಡು ಉಂಡೆ ಕೊಟ್ಟಿದ್ದಾರೆ, ಕಾಗದವನ್ನೂ ಬರೆದುಕೊಟ್ಟಿದ್ದಾರೆ.

ಮಗಳಿಗೆ ದಾರ ತಪ್ಪಿತು ಎಂದಷ್ಟೇ ಹೇಳಿದ್ದೇನೆ, ಯಾವ ದಿನ ಎಂದು ಹೇಳಿಲ್ಲ. ಮಾತು ಅವಳದ್ದು, ಕೈ ನನ್ನದು. ನೀನೂ ಹೇಳಬೇಡ.

ಪರದೆಯ ವಿಷಯಕ್ಕೆ ಏನು ಬರೆಯಬೇಕೋ ತಿಳಿಯಲಿಲ್ಲ. ನಾಲ್ಕು ಸಲ ಬರೆದು ಹೊಡೆದು ಹಾಕಿದೆ.

ಅಕ್ಕ


ಜನವರಿ 18

ಅಕ್ಕಾ,

ಯಜಮಾನರಿಗೆ ಎಲ್ಲವನ್ನೂ ಹೇಳಿದೆ, ಗಾಳದ ದಾರದ ವಿಷಯವನ್ನೂ ಸೇರಿಸಿ. ಅವರು ಜಾಕೆಟ್ಟುಗಳನ್ನು ಕೋಣೆಯಲ್ಲಿಟ್ಟು ಬೀಗ ಹಾಕಿದರು. ಬೋಟು ಪೂರ್ತಿ ನಿಲ್ಲಿಸಿದರು, ಹಳೆಯವನ್ನೂ ಪರೀಕ್ಷೆ ಮಾಡುವವರೆಗೆ. ಇವತ್ತು ಬೆಳಿಗ್ಗೆ ನನ್ನನ್ನು ಕರೆದರು. “ನಿಮ್ಮ ಅಕ್ಕ ಬಂದ ತಕ್ಷಣ ಸೂಜಿ ಕೊಡಬೇಡ. ಮೊದಲು ಊಟ ಹಾಕು. ಹಸಿದ ಕೈ ನಡುಗುತ್ತೆ.”

ಗುರುವಾರದ ಹಡಗು. ನಡುವಿನ ಬೆಂಚು. ಬಂದರಿನಲ್ಲಿ ನಿಂತಿರುತ್ತೇನೆ.

ದುಂಡ


ಫೆಬ್ರವರಿ 20

ದುಂಡಾ,

ಮನೆ ಸೇರಿದೆ. ಗ್ಯಾಸ್ ಆರಿತ್ತು, ಬೀಗ ಸರಿಯಾಗಿತ್ತು, ಹದಿನೆಂಟು ದಿನ ಭಾವ ನನ್ನ ನೆರವಿಲ್ಲದೆ ಬದುಕಿದ್ದಾರೆ. ಇದರಿಂದ ಸಮಾಧಾನವಾಗಬೇಕು, ಸ್ವಲ್ಪ ಬೇಜಾರೇ ಆಯಿತು.

ಟೇಪ್ ಹಚ್ಚುವ ಕಡೆ ಕೆಲಸ ಸುಲಭ. ಕೈಗೆ ಏನೂ ತೋಚುವುದಿಲ್ಲ. ಕನ್ನಡಕದವಳು ನಿನ್ನೆ ಹಾದುಹೋಗುವಾಗ ಸಮುದ್ರ ಹೇಗಿತ್ತು ಎಂದು ಕೇಳಿದಳು. ಉಪ್ಪು ಎಂದೆ. ನಗು ಬಂತು ಅವಳಿಗೆ, ನುಂಗಿಕೊಂಡಳು. ಅಷ್ಟಾದರೂ ಆಯಿತು.

ನಿನಗೆ ಒಂದು ವಿಷಯ ಹೇಳದೆ ಬಂದೆ. ಹಡಗಿನಲ್ಲಿ ಹೇಳೋಣ ಎಂದುಕೊಂಡೆ, ನೀನು ದಡದಲ್ಲಿದ್ದೆ. ಬರೆಯದೆ ಇದ್ದರೆ ಇದೂ ಐದು ತಿಂಗಳು ಒಳಗೇ ಕೂರುತ್ತದೆ, ನನಗೆ ನನ್ನ ಮೇಲೆ ನಂಬಿಕೆ ಇಲ್ಲ.

ಎಂಟು ದಿನ ಕಟ್ಟೆಯ ಮೇಲೆ ಕೂತು ಹೊಲಿದೆ. ಮೊದಲ ಮೂರು ದಿನ ನೀನು ತಟ್ಟೆ ತಂದಿಟ್ಟು ಹೋಗುತ್ತಿದ್ದೆ. ನಾಲ್ಕನೆಯ ದಿನ ಎದುರಿಗೆ ಕೂತು ಹಳೆಯ ದಾರ ಬಿಚ್ಚಲು ಶುರು ಮಾಡಿದೆ. ನಾನು ತಲೆ ಎತ್ತದೆ ಸೂಜಿ ಎಳೆದೆ, ನೋಡಿದರೆ ಎದ್ದು ಹೋಗುತ್ತೀಯ ಎಂದು ಭಯ. ಯಜಮಾನರು ಒಂದೊಂದಕ್ಕೂ ಮರಳಿನ ಚೀಲ ತೂಗಿ ನೋಡಿದ ಮೇಲೆಯೇ ಬೋಟು ಬಿಟ್ಟರು. ಬಿಟ್ಟ ಮೇಲೆ ನಾಲ್ಕು ದಿನ ಬರೀ ನೀರು. ಐದನೆಯ ದಿನ ನೀನು ಮೇಲಿನಿಂದ ಕೈ ಚಾಚಿ, ಬಲಗಡೆ, ಎಂದೆ. ಕೂಗಲಿಲ್ಲ, ಮೆಲ್ಲಗೆ ಅಂದೆ. ಎಲ್ಲರೂ ಎದ್ದು ಬಲಗಡೆಯ ಕಂಬಿಗೆ ಒರಗಿದರು. ಬೋಟು ಆ ಕಡೆ ವಾಲಿತು. ಎಡಗಡೆಯ ಬೆಂಚಿನಲ್ಲಿ ನಾನೊಬ್ಬಳೇ ಉಳಿದೆ.

ನನ್ನ ಮುಂದೆ ಇಪ್ಪತ್ತೆರಡು ಬೆನ್ನು. ಒಂದೊಂದರ ಮೇಲೂ ನನ್ನ ಚೌಕ, ಒಳಗೆ ಅಡ್ಡಗೆರೆ ಎರಡು. ಒಬ್ಬ ಗಂಡಸು ಬಗ್ಗಿದ, ಪಟ್ಟಿ ಬಿಗಿಯಿತು, ತಡೆಯಿತು. ಒಬ್ಬಳು ಮಗುವನ್ನು ಎತ್ತಿ ತೋರಿಸಿದಳು, ಪಟ್ಟಿ ಬಿಗಿಯಿತು, ತಡೆಯಿತು. ಎಡತುದಿಯಿಂದ ಶುರು ಮಾಡಿದೆ. ಎಣಿಸುತ್ತಾ ಹೋದೆ. ನಡುವೆ ಯಾರೋ ಅತ್ತಿತ್ತ ಸರಿದರು, ಮೊದಲಿನಿಂದ ಎಣಿಸಿದೆ. ಎಲ್ಲರೂ ಒಟ್ಟಿಗೆ ಉಸಿರು ಎಳೆದುಕೊಂಡದ್ದು ಕೇಳಿತು. ಆಗಲೂ ನಾನು ಹದಿನಾರನೇ ಬೆನ್ನಿನಲ್ಲಿದ್ದೆ.

ಮುಗಿಸಿ ಕಂಬಿಯ ಹತ್ತಿರ ಬರುವ ಹೊತ್ತಿಗೆ ನೀರು ಮುಚ್ಚಿಕೊಂಡಿತ್ತು. ಒಂದು ಕಡೆ ಮಾತ್ರ ಎಣ್ಣೆ ಸವರಿದ ಹಾಗೆ ನುಣ್ಣಗಿತ್ತು, ಸುತ್ತಲೂ ಸಣ್ಣ ಅಲೆ, ಅದರ ಮೇಲೆ ಅಲೆ ಇಲ್ಲ.

ನೀನು ಏಣಿಯಿಂದ ಎರಡೆರಡು ಮೆಟ್ಟಿಲು ಇಳಿದು ಬಂದೆ. ನಿನ್ನ ಮುಖ ನಾಲ್ಕು ವರ್ಷದ ದುಂಡನ ಮುಖವಾಗಿತ್ತು. ಕಂಡಿತಾ ಅಕ್ಕಾ ಎಂದೆ. ಕಂಡಿತು ಎಂದೆ ನಾನು. ಕೊಕ್ಕು ಕಂಡಿತಾ ಎಂದೆ ನೀನು. ಕಂಡಿತು, ಉದ್ದವಾಗಿತ್ತು ಎಂದೆ. ನೀನು ಕಣ್ಣೊರೆಸಿಕೊಂಡೆ. ಅಲ್ಲಿಂದಾಚೆ ನಿಜ ಹೇಳುವುದು ಹೇಗೆ ಹೇಳು.

ಕಾಣಲಿಲ್ಲ ದುಂಡಾ. ಸಿಟ್ಟು ಬಂದರೆ ಬರಲಿ. ದಾರಕ್ಕೆ ಬಂದವಳು ದಾರವನ್ನೇ ನೋಡಿ ಹೋದಳು ಎಂದುಕೊಳ್ಳುತ್ತೀಯ, ಅಂದುಕೋ, ನಿಜವೇ. ಆದರೆ ಮುಂದಿನ ಜನವರಿಗೆ ಕರೆಯದೆ ಇರಬೇಡ. ನೀನು ಕರೆಯದಿದ್ದರೂ ಗುರುವಾರದ ಹಡಗು ನನಗೆ ಗೊತ್ತಿದೆ, ನಡುವಿನ ಬೆಂಚು ಗೊತ್ತಿದೆ. ಬಂದಾಗ ನನ್ನನ್ನು ಬೋಟಿನ ತುತ್ತತುದಿಯಲ್ಲಿ ಕೂರಿಸು, ನನಗೆ ಯಾರ ಬೆನ್ನೂ ಕಾಣದ ಕಡೆ.

ಅಕ್ಕ